ಕೊನೆಗೆ ಬರೆದದ್ದೇ ಗೆಲ್ಲುವ ಪಟ್ಟಿ

ಈ ದಡದ ಶಿಬಿರ,
ಪ್ರೌಢಶಾಲೆಯ ಕಟ್ಟಡ, ನಾಲ್ಕನೆಯ ಕೊಠಡಿ.
ನೀರು ಬಂದ ಹದಿಮೂರನೆಯ ದಿನ, ಗುರುವಾರ, ಮಧ್ಯಾಹ್ನ ಮೂರು ಗಂಟೆ.

ಆ ದಡದ ಗೋದಾಮು ಶಿಬಿರದಲ್ಲಿ ಅಕ್ಕನ ಜೊತೆಗಿರುವ ನನ್ನ ಮನೆಯಾಕೆಗೆ,

ನಾನು ಆರೋಗ್ಯವಾಗಿದ್ದೇನೆ. ನೀನು ಹೇಗಿದ್ದೀಯೆಂದು ಕೇಳುವ ಮೊದಲು ಒಂದು ಮಾತು. ಅಕ್ಷರ ಈಗ ಕಣ್ಣಿಗೆ ಹಿಡಿಯುತ್ತಿಲ್ಲವೆಂದು ದೋಣಿಯವನ ಬಾಯಲ್ಲಿ ಹೇಳಿ ಕಳಿಸಿರುವುದರಿಂದ, ಈ ಪತ್ರವನ್ನು ನಿನ್ನ ಅಕ್ಕನೇ ಗಟ್ಟಿಯಾಗಿ ಓದಿ ಹೇಳುತ್ತಿರಬೇಕು. ಅವರಿಗೆ ನನ್ನ ನಮಸ್ಕಾರ. ನನ್ನ ವಾಕ್ಯಗಳು ಉದ್ದವೆಂದು ಅವರು ಹಿಂದೆಯೂ ಮೂಗು ಮುರಿದವರು. ಈ ಸಲ ನಡುವೆ ಬಿಡದೆ ಪೂರ್ತಿ ಓದಬೇಕಾಗಿ ವಿನಂತಿ.

ಹನ್ನೊಂದು ವರ್ಷಗಳಲ್ಲಿ ನಿನಗೆ ಬರೆಯುತ್ತಿರುವ ಮೊದಲ ಪತ್ರವಿದು. ನಲವತ್ತೊಂದು ವರ್ಷ ಕಚೇರಿಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಊರಿಗೆಲ್ಲ ಅರ್ಜಿ ಬರೆದುಕೊಟ್ಟವನಿಗೆ, ಹೆಂಡತಿಗೆ ಬರೆಯುವ ನಮೂನೆ ಯಾವುದೆಂದು ತಿಳಿಯದು. ಗೊತ್ತಿರುವ ಕ್ರಮದಲ್ಲಿಯೇ ಬರೆಯುತ್ತೇನೆ.

ವಿಷಯ: ನಿನ್ನ ಎಡಗಣ್ಣಿನ ಹನಿ ಔಷಧಿಯು ನನ್ನ ಶಿಬಿರಕ್ಕೆ ಬಂದು ಕೂತಿರುವ ಬಗ್ಗೆ.

ಉಲ್ಲೇಖ: ಭಾನುವಾರ ಮಧ್ಯಾಹ್ನದ ದೋಣಿಯಲ್ಲಿ ಬಂದ ನಿನ್ನ ಚೀಟಿ.

ಸದರಿ ಚೀಟಿಯಲ್ಲಿ ನಿನ್ನ ಅಕ್ಕನ ಕೈಬರಹದಲ್ಲಿ ಇದ್ದದ್ದು ಎರಡೇ ಸಾಲು. “ನಿಮ್ಮ ಪಟ್ಟೀಲಿ ನನ್ನ ಹೆಸರಿದೆಯಂತೆ, ತೆಗೆಸಿ. ಹನಿ ಮುಗಿದು ಎರಡು ದಿನ ಆಯ್ತು, ದೀಪದ ಸುತ್ತ ಬಳೆ ಬಳೆಯಾಗಿ ಕಾಣ್ತಿದೆ.” ಸಂಬೋಧನೆ ಇರಲಿಲ್ಲ, ಸಹಿ ಇರಲಿಲ್ಲ. ಇದ್ದದ್ದು ಸಾಕಾಗಿತ್ತು. ಆ ಹನಿ ತಪ್ಪಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಒಮ್ಮೆ ಹೋದ ನೋಟ ಮತ್ತೆ ಬರುವುದಿಲ್ಲವೆಂದು ಇಲ್ಲಿಯ ನರ್ಸಮ್ಮ ಹೇಳಿದಳು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಹೊಲಿಗೆಯವಳಿಗೆ ಇದರ ಅರ್ಥವೇನೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಅವಾಂತರ ಹೇಗಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಹೇಳುವಷ್ಟು ವ್ಯವಧಾನ ಈ ಎರಡು ದಡಗಳಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಕ್ರಮವಾಗಿ ನಿವೇದಿಸುತ್ತೇನೆ.

ನೀರು ಬಂದ ಮರುದಿನ ನಮ್ಮ ಬೀದಿಯವರನ್ನು ಈ ಶಾಲೆಗೆ ತಂದರು. ಸೇತುವೆಯ ನಡುವಿನ ಎರಡು ಕಮಾನು ಕುಸಿದದ್ದರಿಂದ ನಿಮ್ಮ ಬೀದಿಯವರನ್ನು ಆ ದಡದ ಗೋದಾಮಿಗೆ ಒಯ್ದರು. ಇಲ್ಲಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಕಂಪ್ಯೂಟರು, ಅಲ್ಲಿ ತೂಕದ ಕೋಣೆಯಲ್ಲಿ ಇನ್ನೊಂದು. ಎರಡರಲ್ಲೂ ಇರುವುದು ಪರಿಹಾರ ಕೆಲಸದ ಒಂದೇ ಪ್ರೋಗ್ರಾಮು. ಆದರೆ ಅದರ ಪಟ್ಟಿ ಅದಕ್ಕೆ, ಇದರ ಪಟ್ಟಿ ಇದಕ್ಕೆ. ಟವರು ಬಿದ್ದಿರುವುದರಿಂದ ಒಂದಕ್ಕೊಂದು ಮಾತಿಲ್ಲ. ನಮ್ಮಿಬ್ಬರ ಹಾಗೆ ಎಂದು ನಿನ್ನ ಅಕ್ಕ ಇಲ್ಲಿ ಸೇರಿಸಿ ಓದುವ ಮೊದಲೇ ನಾನೇ ಬರೆದುಬಿಟ್ಟಿದ್ದೇನೆ.

ದಿನಕ್ಕೊಮ್ಮೆ, ಹನ್ನೆರಡು ಗಂಟೆಯ ದೋಣಿಯಲ್ಲಿ, ಹೆಬ್ಬೆರಳಿನಷ್ಟಿರುವ ಪೆನ್ ಡ್ರೈವೊಂದು ಊಟದ ಡಬ್ಬಿಯೊಳಗೆ ಕೂತು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತದೆ. ಇಲ್ಲಿ ಬರೆದದ್ದು ಅಲ್ಲಿಯ ಪಟ್ಟಿಗೆ ಸೇರುತ್ತದೆ, ಅಲ್ಲಿ ಬರೆದದ್ದು ಇಲ್ಲಿಯದಕ್ಕೆ. ನೋಂದಣಿ ಮೇಜಿನಾಕೆ ಇದಕ್ಕೆ ಸಿಂಕ್ ಅನ್ನುತ್ತಾಳೆ. ನಾವು ತಾಳೆ ನೋಡುವುದು ಎನ್ನುತ್ತಿದ್ದೆವು. ಒಬ್ಬ ಮೂಲವನ್ನು ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ಸಾಗಬೇಕು, ವ್ಯತ್ಯಾಸ ಕಂಡಲ್ಲಿ ಇಬ್ಬರೂ ನಿಂತು ಯಾವುದು ಸರಿಯೆಂದು ವಿಚಾರಿಸಬೇಕು. ಈ ಯಂತ್ರ ವಿಚಾರಿಸುವುದಿಲ್ಲ. ಒಂದೇ ಕುಟುಂಬದ ಬಗ್ಗೆ ಎರಡು ದಡದಲ್ಲಿ ಎರಡು ಬಗೆ ಬರೆದಿದ್ದರೆ, ಯಾವುದನ್ನು ಕೊನೆಗೆ ಬರೆಯಲಾಯಿತೋ ಅದೇ ನಿಜ. ಮೊದಲು ಬರೆದದ್ದು ಅಳಿಸಿಹೋಗುತ್ತದೆ. ಗಡಿಯಾರ ನೋಡಿ ಸತ್ಯವನ್ನು ತೀರ್ಮಾನಿಸುವ ಇಂಥ ವ್ಯವಸ್ಥೆಯನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದಿಲ್ಲ. ಕಚೇರಿಯ ಗುಮಾಸ್ತರು ಎಷ್ಟೇ ಸೋಮಾರಿಗಳಾಗಿರಲಿ, ಹೊಸ ಕಾಗದ ಬಂತೆಂದು ಹಳೆಯದನ್ನು ಒಲೆಗೆ ಹಾಕಿದವರಲ್ಲ.

ಈಗ ನಿನ್ನ ಹೆಸರು ನನ್ನ ಪಟ್ಟಿಗೆ ಬಂದ ವಿಚಾರ.

ನೋಂದಣಿಯ ದಿನ ಸಾಲು ಅಂಗಳದ ಆಚೆಯವರೆಗೂ ಇತ್ತು. ನನ್ನ ಬೆನ್ನಿಗೆ ಅಂಟಿಕೊಂಡು ನಿಂತವನು ನಮ್ಮ ಬೀದಿಯ ಬಸ್ ಕಂಡಕ್ಟರ್. ಅವನ ಮನೆಯವರು ಏಳು ಜನ, ಏಳೂ ಜನ ಒಟ್ಟಿಗೆ ಮಾತಾಡುವವರು. ಮೇಜಿನಾಕೆ ತಲೆ ಎತ್ತದೆ “ಮನೇಲಿ ಎಷ್ಟು ಜನ, ಯಜಮಾನ್ರೇ?” ಎಂದಳು. ನಾನು ಕುಟುಂಬ ಚೀಟಿಯನ್ನು ಅವಳ ಮುಂದಿಟ್ಟು, ಇಬ್ಬರು ಎಂದೆ. “ಇನ್ನೊಬ್ರು ಎಲ್ಲಿ?” ಎಂದಳು. ಬರುತ್ತಾಳೆ ಎಂದೆ. ಕಂಡಕ್ಟರನ ಏಳೂ ಜನ ಆ ಕ್ಷಣದಲ್ಲಿ ಮಾತ್ರ ಮೌನವಾಗಿದ್ದರು.

ನಾನು ಸುಳ್ಳು ಹೇಳಲಿಲ್ಲ. ಚೀಟಿಯಲ್ಲಿ ಇಬ್ಬರ ಹೆಸರಿದೆ. ನೀನು ಹೋದ ಮೇಲೆ ಬೇರೆ ಚೀಟಿ ಮಾಡಿಸಲು ಮುಖ್ಯಸ್ಥನ ಸಹಿ ಬೇಕೆಂದು ಕೇಳಿಕಳಿಸಿದಾಗ ನಾನು ಹಾಕಿರಲಿಲ್ಲವಾದ್ದರಿಂದ, ಇಂದಿಗೂ ಅದರಲ್ಲಿ ಇಬ್ಬರಿದ್ದಾರೆ. ಇರುವ ದಾಖಲೆಯನ್ನು ಇದ್ದ ಹಾಗೆ ಹೇಳಿದೆ ಎಂಬುದೇ ಮೊನ್ನೆಯವರೆಗೂ ನನ್ನ ಸಮರ್ಥನೆಯಾಗಿತ್ತು.

ಅಷ್ಟೇ ಹೇಳಿ ಸುಮ್ಮನಾಗಿದ್ದರೂ ಇಷ್ಟಾಗುತ್ತಿರಲಿಲ್ಲ. ಯಾರಿಗಾದರೂ ಕಾಯಿಲೆ ಕಸಾಲೆ ಇದೆಯೇ ಎಂದು ಅವಳು ಕೇಳಿದ್ದಕ್ಕೆ, ಪತ್ನಿಗೆ ಎಡಗಣ್ಣಿನಲ್ಲಿ ಒತ್ತಡವಿದೆ, ಬೆಳಿಗ್ಗೆ ಸಂಜೆ ಒಂದೊಂದು ಹನಿ ಬೀಳಬೇಕು, ಔಷಧಿಯನ್ನು ತಂಪಿನಲ್ಲಿ ಇಡಬೇಕು, ಇಂಥದೇ ಹೆಸರಿನದು, ನೀಲಿ ಮುಚ್ಚಳದ್ದು ಎಂದು ಬರೆಸಿದೆ. ಹನ್ನೊಂದು ವರ್ಷ ಮುಖ ನೋಡದವನಿಗೆ ಮುಚ್ಚಳದ ಬಣ್ಣ ಹೇಗೆ ಗೊತ್ತೆಂದು ನೀವಿಬ್ಬರೂ ಈಗ ಮುಖ ಮುಖ ನೋಡಿಕೊಳ್ಳಬಹುದು. ನಿನ್ನ ಬೀದಿಯ ಔಷಧಿ ಅಂಗಡಿಯವನು ನನ್ನ ಹಳೆಯ ಕಕ್ಷಿದಾರ. ಅವನ ಅಂಗಡಿ ಪರವಾನಗಿಯ ಅರ್ಜಿ ಬರೆದುಕೊಟ್ಟವನು ನಾನೇ. ಹೆಚ್ಚಿನ ವಿವರ ಅನಗತ್ಯ.

ಹೀಗಾಗಿ ಆಸ್ಪತ್ರೆಯವರು ಪಟ್ಟಿ ನೋಡಿ ನಿನ್ನ ಔಷಧಿಯನ್ನು ಈ ಶಿಬಿರಕ್ಕೆ ಕಳಿಸಿದರು. ನೀನೋ ಆ ದಡದಲ್ಲಿ ಅದೇ ಚೀಟಿಯ ಸಂಖ್ಯೆಯನ್ನು ನೆನಪಿನಿಂದ ಹೇಳಿ, ಒಬ್ಬಳೇ ಎಂದು ಬರೆಸಿದ್ದೆ. ಅವರು ಪ್ರತಿದಿನ ಬೆಳಿಗ್ಗೆ ನಿನ್ನನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು, ಮಧ್ಯಾಹ್ನ ದೋಣಿ ಮುಟ್ಟಿದ ಕೂಡಲೇ ನೀನು ಮಾಯವಾಗಿ ಇಲ್ಲಿ ನನ್ನ ಹೆಸರಿನ ಕೆಳಗೆ ಬಂದು ಕೂರುವುದು ನಡೆದೇ ಇತ್ತು. ಮರುದಿನ ಮತ್ತೆ ಅದೇ ರಾಗ, ಅದೇ ಹಾಡು.

ಯಾಕೆ ಪ್ರತಿದಿನವೂ ಇಲ್ಲಿಯದೇ ಗೆಲ್ಲುತ್ತಿತ್ತೆಂಬುದಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಸಂತೋಷವಿಲ್ಲ.

ನೋಂದಣಿಯ ಮಾರನೆಯ ದಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ನನ್ನ ಹೆಸರಿನ ಮುಂದೆ ‘ವೃತ್ತಿ: ಇತರೆ’ ಎಂದಿತ್ತು. ಮೇಜಿನಾಕೆಯನ್ನು ಕೇಳಿದರೆ, ಕಂಪ್ಯೂಟರು ಕೊಡುವುದು ಬೇಸಾಯ, ಕೂಲಿ, ವ್ಯಾಪಾರ, ನೌಕರಿ, ಇತರೆ ಎಂಬ ಐದೇ ಆಯ್ಕೆಯಂತೆ. ನಲವತ್ತೊಂದು ವರ್ಷದ ದುಡಿಮೆ ಇತರೆಯೇ? ಒಂದೂವರೆ ಪುಟದ ಅರ್ಜಿ ಬರೆದುಕೊಟ್ಟೆ. ಅವಳು ಓದದೆಯೇ ಕೆಳಗಿನ ಖಾಲಿ ಜಾಗದಲ್ಲಿ ಅರ್ಜಿ ಲೇಖಕರು ಎಂದು ಸೇರಿಸಿದಳು. ಮಂಗಳವಾರ ನೋಡಿದರೆ ವಯಸ್ಸು ಎಪ್ಪತ್ತೈದು ಎಂದಿದೆ, ನನಗೆ ಎಪ್ಪತ್ತೊಂದು. ಅರ್ಜಿ ಕೊಟ್ಟೆ. ಬುಧವಾರ ಮನೆಗೆ ‘ಭಾಗಶಃ ಹಾನಿ’ ಎಂದಿತ್ತು. ಹಿಂದಿನ ಗೋಡೆಯೊಂದು ನಿಂತಿರುವುದು ನಿಜ, ಆದರೆ ಗೋಡೆಯೊಂದನ್ನು ಮನೆಯ ಭಾಗವೆಂದು ಕರೆಯುವುದಾದರೆ ಬಾಗಿಲ ಚಿಲಕವನ್ನೂ ಕರೆಯಬಹುದು. ಅರ್ಜಿ ಕೊಟ್ಟೆ. ಗುರುವಾರ ‘ಓದು ಬರಹ: ಬಲ್ಲರು’ ಎಂಬುದರ ಬಗ್ಗೆ ಕೊಟ್ಟೆ. ಅದರಲ್ಲಿ ತಪ್ಪೇನಿದೆಯೆಂದು ಮೇಜಿನಾಕೆ ಕೇಳಿದ್ದಕ್ಕೆ, ತಪ್ಪಿಲ್ಲ, ಸಾಲದು ಎಂದೆ. ಶುಕ್ರವಾರ, ಶನಿವಾರದ ಅರ್ಜಿಗಳ ವಿಷಯ ನಿನ್ನ ಅಕ್ಕನಿಗೆ ಓದಲು ಖುಷಿಯಾದೀತೆಂದು ಬಿಟ್ಟಿದ್ದೇನೆ.

ಕಂಡಕ್ಟರ್ ಮಾತ್ರ ದಿನವೂ ಬಾಗಿಲ ಬಳಿ ನಿಂತು “ಇವತ್ತು ಯಾವ ಸ್ಟಾಪಿಗೆ ಟಿಕೆಟ್ಟು, ಲೇಖಕರೇ?” ಎಂದು ಕೇಳುತ್ತಿದ್ದ. ನಾನು ಅರ್ಜಿ ಹಿಡಿದು ಅವನನ್ನು ದಾಟಿ ಒಳಗೆ ಹೋಗುತ್ತಿದ್ದೆ.

ಭಾನುವಾರ ನಿನ್ನ ಚೀಟಿ ಬಂತು. ಅದನ್ನು ಹಿಡಿದುಕೊಂಡು ನೇರ ನರ್ಸಮ್ಮನ ಬಳಿಗೆ ಹೋದೆ. ಅವಳ ಐಸ್ ಪೆಟ್ಟಿಗೆಯಲ್ಲಿ ನಿನ್ನ ಹೆಸರು ಬರೆದ ಎರಡು ಬಾಟಲಿಗಳು, ನೀಲಿ ಮುಚ್ಚಳದವು, ಇದ್ದವು. ಕೊಡು, ದೋಣಿಯಲ್ಲಿ ಕಳಿಸುತ್ತೇನೆ ಎಂದೆ. “ಪೇಷೆಂಟ್ ಬಂದು ಸೈನ್ ಮಾಡ್ಲಿ, ಕೊಡ್ತೀನಿ. ಗಂಡ ಅಂತ ನೀವು ಬಂದ್ರಿ, ನಾಳೆ ಇನ್ನೊಬ್ರು ಬಂದ್ರೆ?” ಎಂದಳು. ಇನ್ನೊಬ್ಬ ಗಂಡ ಬರುವ ಸಂಭವ ಕಡಿಮೆಯೆಂದು ನಾನು ಹೇಳಬೇಕಾಯಿತು. ಅವಳು ನಗದೆ, ಮೊದಲ ವಾರ ಒಂದು ಪೆಟ್ಟಿಗೆ ಔಷಧಿ ದೋಣಿಯಿಂದಲೇ ಕಾಣೆಯಾಯಿತೆಂದೂ, ಅಂದಿನಿಂದ ಪಟ್ಟಿಯಲ್ಲಿ ಯಾರು ಯಾವ ದಡದವರೋ ಆ ದಡ ಬಿಟ್ಟು ಅವರ ಔಷಧಿ ಕದಲುವಂತಿಲ್ಲವೆಂದೂ ತಿಳಿಸಿದಳು.

ಹಾಗಾದರೆ ನಾನೇ ಆ ದಡಕ್ಕೆ ಹೋಗಿ ನಿನ್ನ ಸಹಿ ತರುತ್ತೇನೆಂದು ಪಾಸು ಕೇಳಿದೆ. ದೋಣಿಯ ಪಾಸು ಕೊಡುವುದು ಆ ದಡದಲ್ಲಿ ಮನೆಯವರಿರುವವರಿಗೆ ಮಾತ್ರ. ಮೇಜಿನಾಕೆ ಪರದೆ ನೋಡಿ “ನಿಮ್ಮ ಮನೆಯವ್ರೆಲ್ಲ ಇಲ್ಲೇ ಇದಾರಲ್ಲ ಯಜಮಾನ್ರೇ” ಎಂದಳು. ನೀನು ಈ ದಡಕ್ಕೆ ಬರಲು ಪಾಸು ಕೇಳಿದರೆ, ಅಲ್ಲಿಯವರ ಪ್ರಕಾರ ನೀನು ಇಲ್ಲಿಯವಳು. ಪಾಸು ಇಲ್ಲಿಂದ ಆಗಬೇಕು. ಇಲ್ಲಿಯವರು ಇಲ್ಲಿಂದ ಇಲ್ಲಿಗೆ ಪಾಸು ಕೊಡುವುದಿಲ್ಲ. ಈ ಮಾತನ್ನು ನಾನು ಮೂರು ಸಲ ಹೇಳಿಸಿ ಕೇಳಿದೆ. ಮೂರು ಸಲವೂ ಅದು ಅಷ್ಟೇ ಸರಿಯಾಗಿ ಕೇಳಿಸಿತು.

ಸೋಮವಾರ ನಿನ್ನ ಪರವಾಗಿ ಶಿಬಿರದ ಮುಖ್ಯಸ್ಥರಿಗೆ ನಾಲ್ಕು ಪುಟದ ಮನವಿ ಸಲ್ಲಿಸಿದೆ. ನಿನ್ನ ಕಣ್ಣಿನ ಸ್ಥಿತಿ, ನಿನ್ನ ಉದ್ಯೋಗ, ನೋಟ ಹೋದರೆ ಆಗುವ ನಷ್ಟ, ಎಲ್ಲವನ್ನೂ ಕಲ್ಲೂ ಕರಗುವ ಹಾಗೆ ಬರೆದಿದ್ದೆ. ಅವರು ಓದಿ, ನಿಟ್ಟುಸಿರು ಬಿಟ್ಟು, ಕುಟುಂಬದ ಮಾಹಿತಿಯಲ್ಲಿ ‘ತುರ್ತು’ ಎಂದು ಗುರುತು ಹಾಕಲು ಮೇಜಿನಾಕೆಗೆ ಹೇಳಿದರು. ಅವಳು ಹಾಕಿದಳು. ಮಧ್ಯಾಹ್ನ ದೋಣಿ ಹೋಯಿತು. ಆ ದಡದ ಪಟ್ಟಿಯಿಂದ ನೀನು ಮತ್ತೆ ಮಾಯ. ಮಂಗಳವಾರ ಅದರ ಬಗ್ಗೆ ಆಕ್ಷೇಪಣೆ ಸಲ್ಲಿಸಿದೆ. ಬುಧವಾರ ಆಕ್ಷೇಪಣೆಗೆ ಉತ್ತರ ಬಾರದ ಬಗ್ಗೆ ಜ್ಞಾಪನಾ ಪತ್ರ. ಪ್ರತಿಸಲ ಅವಳು ಏನೋ ಒಂದನ್ನು ಒತ್ತಿದಳು, ಪ್ರತಿಸಲ ನೀನು ಇಲ್ಲಿಗೆ ಬಂದೆ.

ಇಂದು ಬೆಳಿಗ್ಗೆ ಹನ್ನೊಂದಕ್ಕೆ ಎರಡನೆಯ ಜ್ಞಾಪನಾ ಪತ್ರ ಹಿಡಿದುಕೊಂಡು ಹೋದಾಗ ಮೇಜಿನಾಕೆ ಕುರ್ಚಿಯಿಂದ ಎದ್ದೇಬಿಟ್ಟಳು. ಮೂವತ್ತು ದಾಟಿರದ ಹೆಂಗಸು, ಹದಿಮೂರು ದಿನದಿಂದ ಅದೇ ಕುರ್ಚಿ, ಅವಳದೂ ಮನೆ ಹೋಗಿದೆಯಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಯಜಮಾನ್ರೇ, ಕೈ ಮುಗೀತೀನಿ. ಆ ಕಡೆಯವ್ರು ಒಂಬತ್ತು ಗಂಟೆಗೆ ನಿಮ್ಮ ಮನೆಯವ್ರನ್ನ ಅಲ್ಲಿಗೆ ಹಾಕ್ತಾರೆ. ನೀವು ಹನ್ನೊಂದಕ್ಕೆ ಬಂದು ಏನಾದ್ರೂ ಒಂದು ತಿದ್ದಿಸ್ತೀರ. ಹನ್ನೆರಡಕ್ಕೆ ದೋಣಿ. ಕೊನೇಲಿ ಬರೆದಿದ್ದು ಯಾರು? ನೀವು. ಗೆಲ್ಲೋದು ಯಾರು? ನೀವು. ದಿನಾ ನೀವೇ ಗೆಲ್ತಾ ಇದೀರ.”

ನನ್ನ ವೃತ್ತಿಯನ್ನು ತಿದ್ದಿದರೆ ಅದು ಹೆಂಡತಿಯ ಸಾಲಿಗೆ ಹೇಗೆ ತಾಗುತ್ತದೆಂದು ಕೇಳಿದೆ. “ಇಡೀ ಮನೆ ಒಂದೇ ಹಾಳೆ. ಒಂದು ಕಡೆ ಮುಟ್ಟಿದ್ರೆ ಪೂರ್ತಿ ಹೊಸದಾಗಿ ಬರೆದ ಹಾಗೆ ಲೆಕ್ಕ” ಎಂದಳು. ಹಿಂದೆ ನಿಂತಿದ್ದ ಕಂಡಕ್ಟರ್, ಕೇಳದಿದ್ದರೂ, ತನ್ನ ಅಭಿಪ್ರಾಯ ಕೊಟ್ಟ. “ಅಲ್ಲಾ ಲೇಖಕರೇ, ಅರ್ಜಿ ಬರ್ಕೊಂಡು ಬರ್ಕೊಂಡು ದಿನಾ ಹೆಂಡ್ತೀನ ಈ ದಡಕ್ಕೆ ಎಳ್ಕೊಂಡು ಬರ್ತಿದೀರಲ್ಲ, ಒಂದ್ಸಲ ಅವ್ರನ್ನೂ ಕೇಳಬಾರ್ದಾ?”

ಊರಿನಲ್ಲಿ ಬೇರೆ ಯಾರಿಗೂ ಹೀಗಾಗಿಲ್ಲ. ಎರಡು ದಡಕ್ಕೆ ಹಂಚಿಹೋದ ಮನೆಗಳು ಇಪ್ಪತ್ತಕ್ಕೂ ಹೆಚ್ಚಿವೆ. ಯಾರ ಮನೆಯವರೂ ಪಟ್ಟಿಯಿಂದ ಮಾಯವಾಗಲಿಲ್ಲ. ಏಕೆಂದರೆ ಅವರು ಒಮ್ಮೆ ಬರೆಸಿ ಹೋಗಿ ಮಲಗಿದರು. ವಯಸ್ಸು ಹೆಚ್ಚು ಬರೆದಿದ್ದರೆ ನಕ್ಕು ಸುಮ್ಮನಾದರು. ಪ್ರತಿದಿನ ದೋಣಿಗೆ ಒಂದು ಗಂಟೆ ಮುಂಚೆ ಹೋಗಿ ತಿದ್ದುಪಡಿ ಹಾಕಿಸುವ ಮನುಷ್ಯ ಎರಡು ದಡದಲ್ಲೂ ಸೇರಿ ನಾನೊಬ್ಬನೇ ಇದ್ದೆ.

ಇದಕ್ಕೆ ಪರಿಹಾರವಾಗಿ ಒಂದು ನಮೂನೆ ಇದೆಯೆಂದೂ ಇಂದು ಬೆಳಿಗ್ಗೆಯೇ ತಿಳಿಯಿತು. ಕುಟುಂಬ ಪ್ರತ್ಯೇಕಿಸುವ ನಮೂನೆ. ಚೀಟಿಯ ಮುಖ್ಯಸ್ಥನು ಸಹಿ ಹಾಕಿದರೆ ಒಂದು ಹಾಳೆ ಎರಡಾಗುತ್ತದೆ. ಇನ್ನು ಮೇಲೆ ನಿನ್ನ ಹಾಳೆ ಬೇರೆ, ನನ್ನ ಹಾಳೆ ಬೇರೆ. ನಾನು ಇಲ್ಲಿ ಏನು ತಿದ್ದಿಸಿಕೊಂಡರೂ ನಿನಗೆ ತಾಗುವುದಿಲ್ಲ. ಒಂದೇ ಪುಟದ ನಮೂನೆ. ಅದನ್ನು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತೆ. ತುಂಬುವಷ್ಟರಲ್ಲಿ ಹನ್ನೆರಡರ ದೋಣಿ ಹೊರಟುಹೋಗಿತ್ತು.

ಇಷ್ಟು ಹೊತ್ತು ಹಿಡಿದದ್ದೇಕೆಂದು ಹೇಳುತ್ತೇನೆ. ಅದರಲ್ಲಿ ‘ಪ್ರತ್ಯೇಕ ವಾಸ ಆರಂಭವಾದ ದಿನ’ ಎಂಬ ಅಂಕಣವಿದೆ. ಹನ್ನೊಂದು ವರ್ಷ ನಾನು ಆ ದಿನವನ್ನು ಯಾವ ಕಾಗದದ ಮೇಲೂ ಬರೆದಿಲ್ಲ. ಕೇಳಿದವರಿಗೆಲ್ಲ ಅಕ್ಕನ ಮನೆಗೆ ಹೋಗಿದ್ದಾಳೆ ಎಂದೇ ಹೇಳುತ್ತ ಬಂದೆ. ಹೋದವಳು ಯಾವಾಗ ಹೋದಳೆಂದು ಯಾರೂ ಕೇಳದ ಹಾಗೆ ಹೇಳುತ್ತಿದ್ದೆ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬುಧವಾರ, ಬೆಳಿಗ್ಗೆ ಹತ್ತೂವರೆ. ನೀನು ಹೊಲಿಗೆ ಯಂತ್ರವನ್ನು ತಳ್ಳುಗಾಡಿಯ ಮೇಲೆ ಹಗ್ಗ ಹಾಕಿ ಕಟ್ಟಿಸುತ್ತಿದ್ದೆ. ಹಗ್ಗದ ಗಂಟು ಸರಿಯಿಲ್ಲವೆಂದು ನಾನು ಹೇಳಿದೆ. ನೀನು ತಿರುಗಿ “ನಾನು ಏನೇ ಮಾತಾಡಿದ್ರೂ ನೀವು ಯಾವಾಗ್ಲೂ ತಿದ್ತೀರಿ. ಉತ್ತರ ಮಾತ್ರ ಕೊಡಲ್ಲ” ಎಂದೆ. ಅದಕ್ಕೆ ನಾನು, ಯಾವಾಗಲೂ ಎಂಬುದು ಸರಿಯಲ್ಲ, ಕೆಲವೊಮ್ಮೆ ಎನ್ನು ಎಂದೆ.

ನಿನ್ನ ಅಕ್ಕ ಇಲ್ಲಿ ನಿಲ್ಲಿಸಿ ನನ್ನ ಬಗ್ಗೆ ಏನಾದರೂ ಹೇಳುವುದಿದ್ದರೆ ಹೇಳಲಿ. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ದಿನಾಂಕ ಬರೆದೆ. ವಾರವನ್ನೂ ಗಂಟೆಯನ್ನೂ ನಮೂನೆ ಕೇಳಿರಲಿಲ್ಲ, ಅವನ್ನೂ ಬರೆದೆ. ಕಾರಣ ಎಂಬ ಅಂಕಣದಲ್ಲಿ ನೀನು ಅಂದದ್ದನ್ನೇ, ‘ಯಾವಾಗಲೂ’ ಎಂಬುದನ್ನು ಹಾಗೆಯೇ ಉಳಿಸಿ, ಬರೆದೆ. ಸಹಿ ಹಾಕಿ ಒಯ್ದು ಕೊಟ್ಟೆ. ಮೇಜಿನಾಕೆ ಈ ಸಲ ಪೂರ್ತಿ ಓದಿದಳು. ಓದಿ, ತನ್ನ ಬಾಟಲಿಯ ನೀರನ್ನು ನನ್ನ ಕಡೆಗೆ ಸರಿಸಿ, ಕೀಲಿಗಳನ್ನು ಒತ್ತತೊಡಗಿದಳು.

ನಾಳೆ ಹನ್ನೆರಡರ ದೋಣಿಯಲ್ಲಿ ಪೆನ್ ಡ್ರೈವ್ ಬರುತ್ತದೆ, ಈ ಪತ್ರ ಬರುತ್ತದೆ, ನರ್ಸಮ್ಮನ ಐಸ್ ಡಬ್ಬಿಯಲ್ಲಿ ನಿನ್ನ ಎರಡು ಬಾಟಲಿಗಳೂ ಬರುತ್ತವೆ. ಪರದೆಯ ಮೇಲೆ ನೀನು ಆ ದಡದವಳೆಂದು ಕಾಣುತ್ತಿರುವುದರಿಂದ ಕಳಿಸಲು ತನಗೀಗ ಅಡ್ಡಿಯಿಲ್ಲವೆಂದು ಅವಳು ಒಪ್ಪಿದ್ದಾಳೆ. ನಾನು ಎರಡು ಸಲ ಹೋಗಿ ಕೇಳಿ ಬಂದಿದ್ದೇನೆ. ಮೂರನೆಯ ಸಲ ಹೋದರೆ ಪೆಟ್ಟಿಗೆಗೆ ಬೀಗ ಹಾಕುತ್ತೇನೆಂದಳು.

ಆದರೆ ಈ ಯಂತ್ರದಿಂದ ನೆಟ್ಟಗೆ ಒಂದು ಕೆಲಸವಾಗುವುದುಂಟೇ? ಹಾಳೆಯನ್ನು ಎರಡು ಮಾಡುವಾಗ ನಿನ್ನ ಸಾಲಿನಲ್ಲಿದ್ದ ‘ಸ್ತ್ರೀ’ ಎಂಬುದು ನನ್ನ ಬಳಿಯೇ ಉಳಿದುಬಿಟ್ಟಿದೆ. ಅಚ್ಚಾಗಿ ಬಂದ ಚೀಟಿಯಲ್ಲಿ ‘ಸದಸ್ಯರ ಸಂಖ್ಯೆ: ಒಂದು. ವಯಸ್ಸು: ಎಪ್ಪತ್ತೊಂದು. ವೃತ್ತಿ: ಅರ್ಜಿ ಲೇಖಕರು. ಲಿಂಗ: ಸ್ತ್ರೀ’ ಎಂದಿದೆ. ನಿನ್ನದು ಸರಿಯಾಗಿಯೇ ಇದೆ, ನೋಡಿದ್ದೇನೆ. ಇದೇನಮ್ಮಾ ಎಂದು ಕೇಳಿದ್ದಕ್ಕೆ ಮೇಜಿನಾಕೆ ತಲೆಯ ಮೇಲೆ ಕೈ ಹೊತ್ತುಕೊಂಡಳು. “ತಿದ್ದಬಹುದು. ಆದ್ರೆ ನಾಳೆ ಎರಡೂ ಕಡೆ ಸಿಂಕ್ ಆಗೋವರೆಗೂ ಆ ಹಾಳೆ ಮುಟ್ಟಿದ್ರೆ ಒಡೆದಿದ್ದು ಮತ್ತೆ ಅಂಟ್ಕೊಂಡ್ರೂ ಅಂಟ್ಕೊಂಡೀತು. ನಂಗೆ ಧೈರ್ಯ ಇಲ್ಲ ಯಜಮಾನ್ರೇ. ನೀವೇ ಹೇಳಿ.”

ಹಾಗೇ ಇರಲಿ ಎಂದೆ.

ಊಟದ ಚೀಟಿಗಳನ್ನೂ ಅದೇ ಪಟ್ಟಿಯಿಂದ ತೆಗೆಯುತ್ತಾರೆಂಬುದು ಆಗ ನನ್ನ ಗಮನದಲ್ಲಿರಲಿಲ್ಲ. ಒಂದೂವರೆಗೆ ಗಂಡಸರ ಸಾಲಿನಲ್ಲಿ ನಿಂತವನನ್ನು ಬಡಿಸುವವನು ಚೀಟಿ ನೋಡಿ ಆಚೆ ಸಾಲಿಗೆ ಕಳಿಸಿದ. ಕಂಡಕ್ಟರ್ ಇಡೀ ಅಂಗಳಕ್ಕೆ ಕೇಳುವ ಹಾಗೆ “ಅಕ್ಕಾವ್ರೇ, ಹೆಂಗಸರ ಸೀಟು ಮುಂದೆ!” ಎಂದ. ಹೆಂಗಸರ ಸಾಲಿನಲ್ಲಿ ಮೊದಲು ಗುಸುಗುಸು, ಆಮೇಲೆ ನಗು. ಕೊನೆಗೆ ಕಂಡಕ್ಟರನ ಹೆಂಡತಿಯೇ “ಸಾಕು ಸುಮ್ನಿರ್ರೀ” ಎಂದು ಗಂಡನನ್ನು ಗದರಿ, ನನ್ನನ್ನು ತನ್ನ ಮುಂದೆ ನಿಲ್ಲಿಸಿಕೊಂಡಳು. ತ್ರಾಸು ಹಿಡಿದವನಂತೆ ಎಲ್ಲರ ತಪ್ಪನ್ನೂ ತೂಗಿದವನು ತಟ್ಟೆ ಹಿಡಿದು ನಿಂತೆ. ಅರ್ಜಿ ಕೊಡಲಿಲ್ಲ. ನಾಳೆ ಬೆಳಿಗ್ಗೆಯೂ ಅದೇ ಸಾಲಿನಲ್ಲಿ ಚಹಾ ತೆಗೆದುಕೊಳ್ಳುತ್ತೇನೆ. ಹನ್ನೊಂದು ಗಂಟೆಗೆ ಮುಖ್ಯೋಪಾಧ್ಯಾಯರ ಕೋಣೆಯ ಕಡೆ ಸುಳಿಯುವುದಿಲ್ಲ.

ಬಾಟಲಿ ಕೈಗೆ ಬಂದ ಕೂಡಲೇ ಸಹಿ ಮಾಡಿ ತೆಗೆದುಕೋ. ತಂಪಿನಲ್ಲಿಡು; ಐಸ್ ಸಿಗದಿದ್ದರೆ ಒದ್ದೆ ಬಟ್ಟೆ ಸುತ್ತಿ ಮಡಕೆಯ ಪಕ್ಕದಲ್ಲಿಡು. ಹನಿ ಹಾಕಿದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು. ನಿನಗೆ ಇದು ಗೊತ್ತಿರುವುದೇ. ಆದರೂ ಬರೆದೆ. ಹೊಸ ಹಾಳೆಯಲ್ಲಿ ಕುಟುಂಬದ ಮುಖ್ಯಸ್ಥರ ಜಾಗದಲ್ಲಿ ನಿನ್ನ ಹೆಸರಿದೆ. ಬೇರೆ ಚೀಟಿಗೆ ಇನ್ನು ಯಾರ ಸಹಿಯೂ ಬೇಕಾಗಿಲ್ಲವೆಂದು ತಿಳಿಸಲು ಈ ಮೂಲಕ ಇಚ್ಛಿಸುತ್ತೇನೆ.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.

ಇತಿ,
ಒಂದೇ ಸದಸ್ಯರ ಕುಟುಂಬದ ಮುಖ್ಯಸ್ಥ,
(ಸಹಿ)
ಅರ್ಜಿ ಲೇಖಕರು

ವಿಶೇಷ ಸೂಚನೆ: ಪತ್ರ ಮುಗಿಸಿ ಮಡಚಿದ್ದೆ, ಮತ್ತೆ ಬಿಡಿಸಿದ್ದೇನೆ. ಇಂದು ಬೆಳಿಗ್ಗೆ ತಿಳಿಯಿತೆಂದು ಮೇಲೆ ಬರೆದಿರುವುದು ಸುಳ್ಳು. ಭಾನುವಾರ ನಿನ್ನ ಚೀಟಿ ಹಿಡಿದುಕೊಂಡು ಹೋದಾಗಲೇ ಮೇಜಿನಾಕೆ ಎಲ್ಲವನ್ನೂ ಬಿಡಿಸಿ ಹೇಳಿ, ಆ ನಮೂನೆಯನ್ನು ನನ್ನ ಕೈಗೆ ಕೊಟ್ಟಿದ್ದಳು. ಸಂಜೆಯೊಳಗೆ ಕೊಟ್ಟರೆ ನಾಳೆಯೇ ಔಷಧಿ ಹೋಗುತ್ತದೆ ಎಂದಿದ್ದಳು. ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಸೋಮವಾರದ ನಾಲ್ಕು ಪುಟ, ಮಂಗಳವಾರದ ಆಕ್ಷೇಪಣೆ, ಬುಧವಾರದ ಜ್ಞಾಪನಾ ಪತ್ರ, ಎಲ್ಲವನ್ನೂ ಅದು ಜೇಬಿನಲ್ಲಿರುವಾಗಲೇ ಬರೆದೆ. ಬರೆದರೆ ಏನಾಗುತ್ತದೆಂದು ತಿಳಿದೇ ಬರೆದೆ. ಮಧ್ಯಾಹ್ನ ದೋಣಿ ಬಂದ ಮೇಲೆ ಪರದೆಯ ಮೇಲೆ ನಮ್ಮಿಬ್ಬರ ಹೆಸರು ಒಂದರ ಕೆಳಗೊಂದು ಇದೆಯೇ ಎಂದು ಹೋಗಿ ನೋಡಿ ಬರುತ್ತಿದ್ದೆ. ಸೋಮವಾರದ ಮಧ್ಯಾಹ್ನದಿಂದ ನಾಳೆ ಮಧ್ಯಾಹ್ನಕ್ಕೆ ನಾಲ್ಕು ದಿನ, ದಿನಕ್ಕೆ ಎರಡರಂತೆ ಎಂಟು ಹನಿ. ಅವು ತಪ್ಪಿದ್ದು ಕಂಪ್ಯೂಟರಿನಿಂದಲ್ಲ. ನಿನ್ನ ಅಕ್ಕ ಇದನ್ನು ಬಿಡದೆ ಓದಲಿ, ಬೈಯುವಷ್ಟು ಬೈಯಲಿ. ಆದರೆ ಮೊದಲು ಹನಿ ಹಾಕಲಿ.